ಬುಧವಾರ ಬಂದ ಹನ್ನೊಂದು ಮಕ್ಕಳು

ಮಕ್ಕಳ ಆಸ್ಪತ್ರೆಯ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ‘ತಾಯಿಯ ಧರ್ಮ ಮತ್ತು ಐದು ವರ್ಷದೊಳಗಿನ ಮಕ್ಕಳ ಸಾವು’ ಎಂದು ಮೇಲೆ ದಪ್ಪ ಅಕ್ಷರ. ಕೆಳಗೆ ನಾಲ್ಕು ಕಂಬ, ನಾಲ್ಕು ಬಣ್ಣ. ಮೂರು ಕಂಬ ಗಿಡ್ಡ. ನಾಲ್ಕನೆಯದು ಕೆಂಪು, ಉಳಿದ ಮೂರರ ತಲೆ ಮೀರಿ ಎದ್ದು ನಿಂತದ್ದು. ಅದು ನಮ್ಮದು. ಆ ಕೆಂಪಿನೊಳಗೆ ಎಲ್ಲೋ ಒಂದು ಕಡೆ ನನ್ನ ಮಗ ಗುಂಡ ಇದ್ದಾನೆ. ದಡಾರದಲ್ಲಿ ತೀರಿಕೊಂಡಾಗ ಅವನಿಗೆ ಹದಿನಾಲ್ಕು ತಿಂಗಳು.

ಆ ಹಾಳೆ ನೋಡಿದವರಿಗೆ ಏನನ್ನಿಸುತ್ತದೆ ಹೇಳಿ. ಈ ಹೆಂಗಸರ ದೇವರಿಗೆ ಮಕ್ಕಳನ್ನು ಕಂಡರಾಗದು, ಇಲ್ಲವೇ ಈ ಹೆಂಗಸರಿಗೇ ಬುದ್ಧಿಯಿಲ್ಲ ಎಂದಲ್ಲವೇ? ಎದುರಿನ ಬೆಂಚಿನಲ್ಲಿ ನಾನು ಕೂತಾಗ ಪಕ್ಕದವರು ನನ್ನ ಬೂದು ತಲೆವಸ್ತ್ರ ನೋಡುತ್ತಿದ್ದರು, ಗೋಡೆ ನೋಡುತ್ತಿದ್ದರು, ಆಮೇಲೆ ತಮ್ಮ ಮಗುವನ್ನು ಮೆಲ್ಲಗೆ ಆಚೆ ತೊಡೆಗೆ ಸರಿಸಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಧರ್ಮದಲ್ಲಿ ಅಂಥ ದೊಡ್ಡ ಗುಟ್ಟೇನೂ ಇಲ್ಲ. ಬುಧವಾರ ನಮಗೆ ಮೌನದ ದಿನ. ಸೂರ್ಯ ಹುಟ್ಟಿ ಮುಳುಗುವವರೆಗೆ ದೊಡ್ಡವರು ಮಾತಾಡುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ, ಕೆಲಸದ ಸಾಮಾನು ಮುಟ್ಟುವಂತಿಲ್ಲ. ಪ್ರಾರ್ಥನೆ ಮನೆಯಲ್ಲಿ ಸಾಲಾಗಿ ಕೂರುತ್ತೇವೆ. ಆರು ದಿನ ಬಾಯಿ ಮುಚ್ಚದೆ ಬಡಬಡಿಸುವ ನನಗೆ ಆ ಒಂದು ದಿನ ಬೇಕೇ ಬೇಕು. ಅವತ್ತು ನನ್ನ ಎದೆಯಲ್ಲಿರುವುದು ನನಗೇ ಕೇಳಿಸುತ್ತದೆ. ನನ್ನ ಗಂಡನಿಗೆ ವಾರದ ಏಳೂ ದಿನ ಬುಧವಾರವೇ, ಆ ಮಾತು ಬೇರೆ.

ತೊಂದರೆ ಏನೆಂದರೆ ಆಸ್ಪತ್ರೆಯಲ್ಲಿ ದಡಾರ ಲಸಿಕೆಯ ದಿನವೂ ಬುಧವಾರವೇ. ಅವತ್ತು ದೊಡ್ಡಾಸ್ಪತ್ರೆಯಿಂದ ಐಸ್ ತುಂಬಿದ ಪೆಟ್ಟಿಗೆಯಲ್ಲಿ ದಡಾರದ ಲಸಿಕೆ ಬರುತ್ತದೆ. ಒಂದು ಸೀಸೆಯಲ್ಲಿ ಹತ್ತು ಮಕ್ಕಳಿಗಾಗುವಷ್ಟು ಮದ್ದು. ಸೀಸೆ ಒಡೆದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು, ಮಿಕ್ಕಿದ್ದು ಎಸೆಯಬೇಕು. ಗುಂಡನಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ನಾನು ಅವನನ್ನೆತ್ತಿಕೊಂಡು ಗುರುವಾರ ಹೋದೆ. “ನಿನ್ನೆ ಬರ್ಬೇಕಿತ್ತಮ್ಮ, ಇವತ್ತು ಇಲ್ಲ” ಅಂದರು. ಇನ್ನೊಂದು ಗುರುವಾರ ಹೋದೆ. ಮತ್ತೊಂದು ಗುರುವಾರ. ಮೂರನೆಯ ಸಲ ಸಿಸ್ಟರ್ ಮುಖ ಸಿಂಡರಿಸಿಕೊಂಡು ಅವನ ಕಾರ್ಡಿನಲ್ಲಿ ಏನೋ ಗೀಚಿದರು. ಅವನು ಹೋದ ಮೇಲೆ ಆಸ್ಪತ್ರೆಯಲ್ಲಿ ಆ ಕಾರ್ಡನ್ನು ನಾನು ಓದಿದೆ. ‘ತಾಯಿಯ ಧರ್ಮದ ಕಾರಣ ಲಸಿಕೆ ನಿರಾಕರಣೆ’ ಎಂದಿತ್ತು.

ನನ್ನ ತಪ್ಪಿರಲಿಲ್ಲವೇ? ಇತ್ತು. ಬುಧವಾರ ಹೋಗುವ ಧೈರ್ಯ ನಾನು ಮಾಡಲಿಲ್ಲ. ಅದನ್ನು ಬೇರೆಯವರು ಹೇಳಬೇಕಾಗಿಲ್ಲ, ದಿನಾ ಇಸ್ತ್ರಿ ಮೇಜಿನ ಮುಂದೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನಿರಾಕರಣೆ? ಮೂರು ಸಲ ಮಗುವನ್ನು ಕಂಕುಳಲ್ಲಿ ಹೊತ್ತು ನಡೆದದ್ದಕ್ಕೆ ಆ ಹೆಸರೇ?

ಈಗ ಪುಟ್ಟಿಗೆ ಒಂಬತ್ತು ತಿಂಗಳು ತುಂಬಿತ್ತು. ಗುಂಡನ ತಂಗಿ, ಅವನದೇ ಹಣೆ, ಅವನದೇ ಹಟ. ಆ ತಿಂಗಳಲ್ಲೇ ಹಿಂದಿನ ಬೀದಿಯಲ್ಲಿ ಇಬ್ಬರು ಮಕ್ಕಳಿಗೆ ದಡಾರ ಎದ್ದ ಸುದ್ದಿ ಬಂತು. ಆ ಇಬ್ಬರಲ್ಲಿ ಒಬ್ಬಳ ಕೆಮ್ಮು ನಮ್ಮ ಅಡುಗೆಮನೆ ಕಿಟಕಿಗೇ ಕೇಳಿಸುತ್ತಿತ್ತು.

ನಾನು ಕೆಲಸ ಮಾಡುವುದು ಲಾಂಡ್ರಿಯಲ್ಲಿ. ಮಕ್ಕಳ ಆಸ್ಪತ್ರೆಯ ಬಿಳಿ ಕೋಟುಗಳೂ ನಮ್ಮಲ್ಲಿಗೇ ಬರುತ್ತವೆ. ಲಸಿಕೆ ಕೊಡುವ ಸಿಸ್ಟರಿಗೆ ನಾವು ಇಟ್ಟ ಹೆಸರು ಪೆನ್ನು ಸಿಸ್ಟರ್. ಅವರ ಕೋಟಿನ ಜೇಬಿನಲ್ಲಿ ಯಾವಾಗಲೂ ಮೂರು ಪೆನ್ನು, ಮೂರರಲ್ಲಿ ಒಂದು ಸೋರುವಂಥದ್ದು. ಆ ಶಾಯಿಯ ಕಲೆಯನ್ನು ಉಜ್ಜಿ ಉಜ್ಜಿ ನನ್ನ ಉಗುರು ಸವೆದಿದೆ. ಒಗೆಯಲು ಹಾಕುವ ಮೊದಲು ಜೇಬು ತಡಕುವುದು ನಮ್ಮ ಕಸುಬಿನ ಮೊದಲ ಪಾಠ. ಆ ಶುಕ್ರವಾರ ತಡಕಿದಾಗ ಒಂದು ಚೀಟಿ ಸಿಕ್ಕಿತು.

ದೊಡ್ಡಾಸ್ಪತ್ರೆಗೆ ಕಳಿಸುವ ಬೇಡಿಕೆಯ ನಕಲು ಅದು. ಮುಂದಿನ ಬುಧವಾರದ್ದು. ‘ದಡಾರ ಲಸಿಕೆ ಬಾಕಿ ಇರುವ ಮಕ್ಕಳು: 17. ತಾಯಿಯ ಧರ್ಮದ ಕಾರಣ ಬಾರದವರು: 11. ಬರುವವರು: 6. ಬೇಕಾದ ಸೀಸೆ: 1.’

ನಾನು ಅದನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದುವಷ್ಟರಲ್ಲಿ ಪಕ್ಕದ ಮೇಜಿನ ಕಾಲರಕ್ಕ “ಏನೇ, ಸುಟ್ಟ ವಾಸ್ನೆ!” ಎಂದು ಕೂಗಿದಳು. ಕಾಲರ್ ಇಸ್ತ್ರಿಯಲ್ಲಿ ಅವಳನ್ನು ಮೀರಿಸುವವರಿಲ್ಲ, ಅದಕ್ಕೆ ಆ ಹೆಸರು. ನನ್ನ ಕೈಕೆಳಗೆ ಯಾರದೋ ದಿಂಬಿನ ಚೀಲ ಕಂದಿಹೋಗಿತ್ತು.

“ಸುಡ್ಲಿ ಬಿಡು” ಅಂದೆ. “ಇಲ್ನೋಡು. ನನ್ನ ಪುಟ್ಟಿ, ನಿನ್ನ ಅವಳಿಗಳು. ನಾವು ಹೋಗೋ ಮೊದ್ಲೇ ನಮ್ಮ ಮಕ್ಕಳನ್ನ ಲೆಕ್ಕದಿಂದ ಕಳೆದು ಕೂತಿದ್ದಾರೆ.”

ಕಾಲರಕ್ಕ ನಮ್ಮ ಪ್ರಾರ್ಥನೆ ಮನೆಯವಳೇ. ಚೀಟಿ ನೋಡಿ ಅವಳ ಮುಖ ಬಿಳುಚಿತು. “ಅಂದ್ರೆ ನಾವು ಬುಧವಾರ ಹೋಗಿದ್ರೂ ಸಿಗ್ತಿರ್ಲಿಲ್ವಾ?”

“ಪೂರ್ತಿ ಸಿಗ್ತಿರ್ಲಿಲ್ಲ. ಒಂದು ಸೀಸೆಲಿ ಆರು ಅವರಿಗೆ ಹೋದ್ರೆ ನಾಲ್ಕು ಮಿಗತ್ತೆ. ಅದನ್ನೂ ಸಂಜೆ ಚೆಲ್ಲಿಬಿಡ್ತಾರೆ. ನಮಗೇಂತ ಒಂದು ತೊಟ್ಟೂ ತರ್ಸಿಲ್ಲ.”

ಆಗಲೇ ಹಟ ಹುಟ್ಟಿದ್ದು. ಬುಧವಾರ ಹನ್ನೊಂದು ಮಕ್ಕಳೂ ಆ ಬೆಂಚಿನ ಮೇಲಿರಬೇಕು, ಏನೇ ಆಗಲಿ.

ಮನೆಗೆ ಬಂದು ಅತ್ತೆಗೆ ಹೇಳಿದೆ. ನನ್ನ ಅತ್ತೆ ಐವತ್ತು ವರ್ಷದಲ್ಲಿ ಒಂದು ಬುಧವಾರವನ್ನೂ ಮುರಿದವರಲ್ಲ. ಹೆರಿಗೆ ನೋವಿನಲ್ಲೂ ತುಟಿ ಪಿಟಕ್ಕೆನ್ನದೆ ನನ್ನ ಗಂಡನನ್ನು ಹೆತ್ತವರು. ಅದಕ್ಕೇ ಅವನು ಹಾಗೆ ಎಂದು ನಾನು ಛೇಡಿಸುವುದುಂಟು. ಅವರು ಬೈಯಬಹುದು ಎಂದುಕೊಂಡಿದ್ದೆ. ಅವರು ಚೀಟಿ ಓದಿಸಿ ಕೇಳಿದರು, ಪುಟ್ಟಿಯ ಕಾಲು ಒತ್ತತೊಡಗಿದರು.

“ನನ್ನ ದೇವರ ದಿನ ನಾನು ಬಿಡಲ್ಲ ಅತ್ತೆ” ಅಂದೆ. “ಮಗೂನೂ ಬಿಡಲ್ಲ. ಎರಡ್ರಲ್ಲಿ ಒಂದು ಆರಿಸ್ಕೋ ಅಂತ ಯಾರು ಹೇಳಿದ್ರೂ ಕೇಳಲ್ಲ.”

“ಆರಿಸ್ಕೋ ಅಂತ ಯಾರೇ ಅಂದಿದ್ದು?” ಅಂದರು ಅತ್ತೆ. “ಮಾತಾಡ್ಬಾರ್ದು. ಬೆಂಕಿ ಹಚ್ಬಾರ್ದು. ಕೆಲ್ಸದ ಸಾಮಾನು ಮುಟ್ಬಾರ್ದು. ಮಗೂನ ಎತ್ಕೊಂಡು ನಡೀಬಾರ್ದು ಅಂತ ನಾನಂತೂ ಕೇಳಿಲ್ಲ.”

“ಹಿರಿಯರು ಬಿಡ್ತಾರಾ?”

“ಅವನಾ?” ಅತ್ತೆ ನಕ್ಕರು. ಪ್ರಾರ್ಥನೆ ಮನೆಯ ಹಿರಿಯರು ಅತ್ತೆಗೆ ಒಡಹುಟ್ಟಿದ ತಮ್ಮ. “ಅವನ ಮೂಗು ಒರೆಸಿ ಬೆಳೆಸಿದ್ದು ನಾನು. ಕರಿ ಅವನನ್ನ.”

ಹಿರಿಯರು ಭಾನುವಾರ ಬಂದರು. ಒಳ್ಳೆಯ ಮನುಷ್ಯ, ಗುಂಡ ಹೋದಾಗ ಮೂರು ದಿನ ನಮ್ಮ ಜಗಲಿ ಬಿಟ್ಟು ಕದಲಲಿಲ್ಲ. ಆದರೆ ಈ ಮಾತಿಗೆ ತಲೆ ಅಲ್ಲಾಡಿಸಿದರು.

“ನಡಿಯೋದೇನೋ ಸರಿಯಮ್ಮ. ಆದ್ರೆ ಅಲ್ಲಿ ಹೋದ್ರೆ ಸುಮ್ನೆ ಬಿಡ್ತಾರಾ? ಹೆಸರೇನು, ವಯಸ್ಸೆಷ್ಟು, ಯಾವ ಬೀದಿ ಅಂತ ಪ್ರಶ್ನೆ. ಬಾಯಿ ಬಿಡ್ಲೇಬೇಕು. ದಿನ ಮುರೀತು. ಒಬ್ಬಳು ಮುರಿದ್ರೆ ನಾಳೆ ಎಲ್ಲರೂ ಮುರೀತಾರೆ. ಬೇಡ.”

“ಬಾಯಿ ಬಿಡದಿದ್ರೆ?”

“ಅದು ಹೇಗಾಗತ್ತೆ?”

“ಅದನ್ನ ನನಗೆ ಬಿಡಿ.”

“ಬೇಡ ಅಂದ್ನಲ್ಲಮ್ಮ” ಎಂದು ಅವರು ಎದ್ದರು. ಬಾಗಿಲಲ್ಲಿ ಅತ್ತೆ, “ಲೋ, ಗುಂಡನ ಪೆಟ್ಟಿಗೆಗೆ ಹೆಗಲು ಕೊಟ್ಟೋನು ನೀನು. ಇನ್ನೊಂದಕ್ಕೆ ಕೊಡ್ತೀಯಾ?” ಅಂದರು. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು.

ಸೋಮವಾರ ನಾನೇ ಕೋಟುಗಳ ಗಂಟು ಹೊತ್ತು ಆಸ್ಪತ್ರೆಗೆ ಹೋದೆ. ಇಸ್ತ್ರಿಯಾದ ಕೋಟು, ಅದರ ಮೇಲೆ ಮಡಿಸಿದ ಚೀಟಿ ಇಟ್ಟು ಪೆನ್ನು ಸಿಸ್ಟರಿಗೆ ಕೊಟ್ಟೆ.

“ಬುಧವಾರ ಆ ಹನ್ನೊಂದೂ ಬರ್ತಾರೆ ಸಿಸ್ಟರ್. ಇನ್ನೊಂದು ಸೀಸೆ ತರಿಸಿ.”

ಅವರು ಚೀಟಿಯನ್ನೂ ನನ್ನನ್ನೂ ನೋಡಿದರು. “ನೋಡಮ್ಮ, ಐದು ವರ್ಷದಿಂದ ನಾನಿಲ್ಲಿದ್ದೀನಿ. ನಿಮ್ಮೋರು ಒಬ್ರೂ ಬುಧವಾರ ಈ ಮೆಟ್ಲು ಹತ್ತಿಲ್ಲ. ತರ್ಸಿ ಚೆಲ್ಲಿದ್ರೆ ಮೇಲಿನೋರಿಗೆ ಉತ್ರ ಕೊಡೋಳು ನಾನು. ಬಂದ್ಮೇಲೆ ನೋಡೋಣ.”

“ಬಂದ್ಮೇಲೆ ಇಲ್ಲ ಅಂದ್ರೆ?”

“ಮೊದ್ಲು ಬನ್ನಿ.” ಅವರು ಕೋಟು ತೊಟ್ಟು ಮೂರು ಪೆನ್ನನ್ನೂ ಸಿಕ್ಕಿಸಿಕೊಂಡರು. ಸೋರುವುದು ಕೂಡ ಅದರಲ್ಲಿತ್ತು.

ಎರಡು ದಿನ ಕಾಲರಕ್ಕನೂ ನಾನೂ ಮನೆ ಮನೆ ಹತ್ತಿಳಿದೆವು. ಕೆಲವರು ಕೂಡಲೇ ಹೂಂ ಅಂದರು. ಕೆಲವರಿಗೆ ಹಿರಿಯರ ಹೆದರಿಕೆ, ಕೆಲವರಿಗೆ ಗಂಡಂದಿರ ಹೆದರಿಕೆ. ಹಾಲು ಮಾರುವವಳ ಮನೆಯಲ್ಲಿ ನಾನು ಏನೂ ವಾದಿಸಲಿಲ್ಲ, ಹಿಂದಿನ ಬೀದಿಯ ಆ ಕೆಮ್ಮು ಅವಳ ಜಗಲಿಗೂ ಕೇಳುತ್ತಿತ್ತು. ಇಬ್ಬರೂ ಸ್ವಲ್ಪ ಹೊತ್ತು ನಿಂತು ಕೇಳಿದೆವು. “ಬರ್ತೀನಿ” ಅಂದಳು.

ಮಂಗಳವಾರ ಲಾಂಡ್ರಿಯಲ್ಲಿ ಕೆಲಸ ಮುಗಿದ ಮೇಲೆ ನಾನು ಬಟ್ಟೆ ಗುರುತಿಸುವ ಕರಿ ಶಾಯಿ ತೆಗೆದೆ. ಬಟ್ಟೆ ಅದಲುಬದಲಾಗದಿರಲಿ ಎಂದು ಪ್ರತಿಯೊಂದಕ್ಕೂ ನಾವು ಒಂದು ಬಟ್ಟೆಯ ಚೀಟಿ ಹೊಲಿಯುತ್ತೇವೆ. ಎಷ್ಟು ಒಗೆದರೂ ಆ ಶಾಯಿ ಹೋಗುವುದಿಲ್ಲ. ಹನ್ನೊಂದು ಚೀಟಿ ಬರೆದೆ. ಮಗುವಿನ ಹೆಸರು, ಹುಟ್ಟಿದ ದಿನ, ತೂಕ, ತಾಯಿಯ ಹೆಸರು, ಬೀದಿ, ಮನೆ ನಂಬರು, ಹಿಂದೆ ಹಾಕಿಸಿದ ಚುಚ್ಚುಮದ್ದು. ಸಿಸ್ಟರ್ ಕೇಳುವುದೆಲ್ಲ ಇತ್ತು, ಒಂದನ್ನು ಬಿಟ್ಟು. ಧರ್ಮ ಬರೆಯಲಿಲ್ಲ. ಗೊತ್ತಿದ್ದೂ ಕೇಳುವವರಿಗೆ ಬರೆದು ಬೇರೆ ಕೊಡಬೇಕೇ?

ಪುಟ್ಟಿಯ ಚೀಟಿಯ ಹಿಂಬದಿಯಲ್ಲಿ ಜಾಗ ಉಳಿದಿತ್ತು. ಅಲ್ಲಿ ಇನ್ನೊಂದು ಸಾಲು ಬರೆದೆ. ಕಾಲರಕ್ಕನೂ ನಾನೂ ಬುಧವಾರದ ಸೂರ್ಯ ಹುಟ್ಟುವ ಮೊದಲೇ ಹನ್ನೊಂದು ಅಂಗಿಗಳಿಗೆ ಚೀಟಿ ಹೊಲಿದು ಮುಗಿಸಿದೆವು.

ಬುಧವಾರ ಬೆಳಿಗ್ಗೆ ಎಂದಿನಂತೆ ಪ್ರಾರ್ಥನೆ ಮನೆಯಲ್ಲಿ ಕೂತೆವು. ಹಿರಿಯರು ಎದುರಿಗೆ ಕಣ್ಣು ಮುಚ್ಚಿ ಕೂತಿದ್ದರು. ಗೋಡೆಯ ಗಡಿಯಾರ ಹತ್ತು ತೋರಿಸಿದಾಗ ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದರು. ಅವರ ಹಿಂದೆ ನಾನು, ನನ್ನ ಹಿಂದೆ ಎರಡೂ ಕಂಕುಳಲ್ಲಿ ಅವಳಿಗಳನ್ನು ಹೊತ್ತ ಕಾಲರಕ್ಕ, ಆಮೇಲೆ ಹಾಲಿನವಳು, ಆಮೇಲೆ ಉಳಿದವರು. ಚಾಪೆಯ ಸದ್ದಿಗೆ ಹಿರಿಯರು ಕಣ್ಣು ಬಿಟ್ಟರು.

ಅವರ ಮುಖ ಕೆಂಪಗಾಯಿತು. ಬಾಯಿ ತೆರೆದರು, ಮತ್ತೆ ಮುಚ್ಚಿದರು. ನಮ್ಮನ್ನು ತಡೆಯಬೇಕೆಂದರೆ ಅವರೇ ಮಾತಾಡಬೇಕು, ಮಾತಾಡಿದರೆ ದಿನ ಮುರಿದವರು ಅವರೇ ಆಗುತ್ತಾರೆ. ಎದ್ದು ಬಾಗಿಲಿಗೆ ಬಂದು ಕೈ ಅಡ್ಡ ಹಿಡಿದರು. ಅತ್ತೆ ತಮ್ಮನ ಮುಂದೆ ನಿಂತು, ಸೆರಗಿನ ತುದಿಯಿಂದ ಅವರ ಮೂಗು ಒರೆಸಿದರು. ದೇವರಾಣೆ, ಎಪ್ಪತ್ತರ ಹತ್ತಿರದ ಆ ಮನುಷ್ಯನ ಮೂಗು, ಎಲ್ಲರ ಮುಂದೆ. ನಗು ತಡೆಯಲು ನಾನು ನಾಲಿಗೆ ಕಚ್ಚಿಕೊಂಡೆ. ಹಿರಿಯರ ಕೈ ತಾನಾಗಿ ಇಳಿಯಿತು. ಅವರ ಕಣ್ಣಲ್ಲಿ ನೀರಿತ್ತು, ಅದು ಸಿಟ್ಟಿಗೋ ಇನ್ಯಾತಕ್ಕೋ ನಾನು ಇವತ್ತಿಗೂ ಕೇಳಿಲ್ಲ.

ಆಸ್ಪತ್ರೆಯಲ್ಲಿ ನಮ್ಮ ಬೂದು ತಲೆವಸ್ತ್ರಗಳ ಸಾಲು ಕಂಡು ಪೆನ್ನು ಸಿಸ್ಟರ್ ಕುರ್ಚಿಯಿಂದ ಅರ್ಧ ಎದ್ದರು. “ಇದೇನು? ಎಲ್ಲರೂ ಬಂದ್ಬಿಟ್ರಾ?”

ನಾವು ಬೆಂಚಿನ ಮೇಲೆ ಕೂತೆವು. ಜಾಗ ಸಾಲದವರು ನೆಲದ ಮೇಲೆ ಕೂತರು. ಆ ಕೆಂಪು ಕಂಬದ ಕೆಳಗೇ ಸರಿಯಾಗಿ ಅತ್ತೆ ಕೂತರು.

“ಹೆಸ್ರೇನಮ್ಮ?” ಸಿಸ್ಟರ್ ಮೊದಲು ಹಾಲಿನವಳನ್ನು ಕೇಳಿದರು. ಅವಳು ಮಗುವಿನ ಎದೆಯ ಮೇಲಿನ ಚೀಟಿ ತೋರಿಸಿದಳು. ಸಿಸ್ಟರ್ ಬಗ್ಗಿ ಓದಿಕೊಂಡು ಬರೆದರು. “ಧರ್ಮ?” ಹಾಲಿನವಳು ಸೂರು ನೋಡಿದಳು. “ಧರ್ಮ ಕೇಳ್ದೆ ಕಣಮ್ಮ!” ಹಾಲಿನವಳು ಸೂರನ್ನೇ ನೋಡಿದಳು. ಸಿಸ್ಟರ್ ಆ ಕಾಲಂ ಖಾಲಿ ಬಿಟ್ಟರು.

ನಮಗಿಂತ ಮೊದಲೇ ಬಂದಿದ್ದ ಆರು ಮಕ್ಕಳಿಗೆ ಚುಚ್ಚಿ ಆಗಿತ್ತು. ಸೀಸೆಯಲ್ಲಿ ನಾಲ್ಕು ಉಳಿದಿತ್ತು. ಹಾಲಿನವಳ ಮಗುವಿಗೆ, ಕಾಲರಕ್ಕನ ಅವಳಿಗಳಿಗೆ, ಇನ್ನೊಬ್ಬಳ ಮಗನಿಗೆ ಹಾಕಿದರು. ಸೀಸೆ ಬರಿದಾಯಿತು. ಏಳು ಮಕ್ಕಳು ಉಳಿದರು, ಅದರಲ್ಲಿ ಪುಟ್ಟಿಯೂ ಒಬ್ಬಳು. ಮುಂದೆ ಹೋಗಬಹುದಿತ್ತು, ಆದರೆ ಎಲ್ಲರನ್ನೂ ಕರೆತಂದವಳು ಮೊದಲು ಕೈ ಚಾಚಿದರೆ ಏನು ಚೆನ್ನ ಎಂದು ಹಿಂದೆ ನಿಂತಿದ್ದೆ.

“ಮುಗೀತು. ಮುಂದಿನ ಬುಧವಾರ ಬನ್ನಿ” ಅಂದರು ಸಿಸ್ಟರ್.

ನಾವು ಕದಲಲಿಲ್ಲ.

“ಕೇಳಿಸ್ಲಿಲ್ವಾ? ಮದ್ದಿಲ್ಲ. ನೀವು ಬರ್ತೀರಾಂತ ನಂಗೇನು ಕನಸು ಬಿದ್ದಿತ್ತಾ?” ಹಾಗೆಂದವರು ನನ್ನನ್ನು ಕಂಡು ಸ್ವಲ್ಪ ತಡವರಿಸಿದರು. ಸೋಮವಾರ ನೆನಪಾಗಿರಬೇಕು. “ನೀನು ಹೇಳಿದ್ದು ಸರಿ... ಆದ್ರೆ ಯಾರು ನಂಬ್ತಾರೆ? ಏನಾದ್ರೂ ಮಾತಾಡಮ್ಮ!”

ಮಾತಾಡಲಿಲ್ಲ. ಜಗಳವಾಡಲು ಎದುರಿನವರಿಗೆ ಬಾಯಿ ಇರಬೇಕು. ಪಾಪ, ಅವರು ಒಬ್ಬರೇ ಗಂಟಲು ಹರಿದುಕೊಂಡರು, ಒಬ್ಬರೇ ಉತ್ತರ ಕೊಟ್ಟುಕೊಂಡರು, ಕೊನೆಗೆ ತಮ್ಮ ಮೇಲೇ ಸಿಟ್ಟು ಮಾಡಿಕೊಂಡರು. ನನ್ನ ನಾಲಿಗೆಯ ತುದಿಯಲ್ಲಿ ನೂರು ಮಾತಿದ್ದವು. ಅಷ್ಟನ್ನೂ ನುಂಗಿಕೊಂಡು ಕೂತದ್ದು ನನ್ನ ಜೀವಮಾನದ ಅತಿ ಕಷ್ಟದ ಬುಧವಾರ. ನಾನು ಎದ್ದುಹೋಗಿ ಪುಟ್ಟಿಯನ್ನು ಅವರ ಮೇಜಿನ ಮೇಲೆ ಕೂರಿಸಿದೆ. ಅವಳ ಚೀಟಿಯನ್ನು ತಿರುಗಿಸಿ ಹಿಂಬದಿ ತೋರಿಸಿದೆ.

‘ಅಣ್ಣ: ಗುಂಡ. ಮೂರು ಗುರುವಾರ ಇದೇ ಮೇಜಿಗೆ ಬಂದಿದ್ದ.’

ಸಿಸ್ಟರ್ ಓದಿದರು. ಪುಟ್ಟಿ ಅವರ ಜೇಬಿನ ಪೆನ್ನಿಗೆ ಕೈ ಹಾಕಿ ಎಳೆದಳು, ಅವರು ತಡೆಯಲಿಲ್ಲ. ಆಮೇಲೆ ಎದ್ದು ಒಳಗೆ ಹೋದರು. ಒಳಗೆ ಡಾಕ್ಟರಮ್ಮನ ಜೊತೆ ಅವರು ಮಾತಾಡುವುದು ಕೇಳಿಸಿತು. “ಇಲ್ಲ ಮೇಡಂ, ಅವರು ಏಳಲ್ಲ. ಕಳ್ಸೋಕೆ ನನಗೂ ಮನಸ್ಸಿಲ್ಲ. ತಪ್ಪು ನಂದು, ನಾನೇ ಕಳೆದು ಬರೆದಿದ್ದು. ದೊಡ್ಡಾಸ್ಪತ್ರೆಗೆ ನೀವೇ ಫೋನ್ ಮಾಡಿ ಹೇಳಿ.”

ಎರಡು ಗಂಟೆಯಾಯಿತು. ಮೂರಾಯಿತು. ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ. ಮಕ್ಕಳು ಅತ್ತರು, ಉಂಡರು, ನಿದ್ದೆ ಹೋದರು. ಪುಟ್ಟಿಯ ಹಣೆ ಮುಟ್ಟಿ ನೋಡಿದೆ, ಮತ್ತೆ ಮತ್ತೆ ನೋಡಿದೆ. ನನ್ನ ಕೈಯೇ ಬಿಸಿಯಾಗಿತ್ತೋ ಏನೋ. ಮೂರೂ ಮುಕ್ಕಾಲಿಗೆ ಹೊರಗೆ ಗಾಡಿ ನಿಂತ ಸದ್ದಾಯಿತು. ಐಸ್ ಪೆಟ್ಟಿಗೆಯನ್ನು ಸಿಸ್ಟರೇ ಓಡಿಹೋಗಿ ಹೊತ್ತು ತಂದರು.

ಸೂಜಿ ಚುಚ್ಚಿದಾಗ ಪುಟ್ಟಿ ಬೀದಿಗೆಲ್ಲ ಕೇಳುವಂತೆ ಕಿರುಚಿದಳು. ಮೌನದ ಕಟ್ಟಳೆ ಮಕ್ಕಳಿಗಿಲ್ಲ. ಏಳು ಮಕ್ಕಳೂ ಸೇರಿ ಆಸ್ಪತ್ರೆಯನ್ನೇ ಎತ್ತಿ ಕುಣಿಸಿದವು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಕಣ್ಣೀರು ಸುರಿಸಿದೆ. ಅತ್ತೆ ನನ್ನ ಬೆನ್ನು ಸವರಿದರು.

ಮರುದಿನ ಗುರುವಾರ. ನಾಲಿಗೆ ಬಿಚ್ಚಿತ್ತು. ಬೆಳಿಗ್ಗೆಯೇ ಆಸ್ಪತ್ರೆಗೆ ಹೋದೆ. ಬೆಂಚಿನ ತುಂಬ ಜನರಿದ್ದರು. ನಾನು ಕೇಳುವ ಮೊದಲೇ ಪೆನ್ನು ಸಿಸ್ಟರ್ ಮೇಜಿನ ಖಾನೆಯಿಂದ ಒಂದು ಹಳೆಯ ಕಾರ್ಡು ತೆಗೆದರು. ಗುಂಡನದು. ಹುಡುಕಿ ಇಟ್ಟುಕೊಂಡಿದ್ದರು.

“ನಿರಾಕರಣೆ ಅಂತಿದೆಯಲ್ಲ, ಅದನ್ನ ಹೊಡೆದುಹಾಕಿ ಸಿಸ್ಟರ್.”

“ಹಳೇ ಕಾರ್ಡು ತಿದ್ದೋ ಹಾಗಿಲ್ಲಮ್ಮ. ಅದ್ರ ನಕಲು ಮೇಲಿನೋರಿಗೆ ಹೋಗಿ ಲೆಕ್ಕಕ್ಕೆ ಸೇರಿಬಿಟ್ಟಿದೆ.” ಅವರು ಮೆಲುದನಿಯಲ್ಲಿ ಹೇಳಿದರು. ಗೋಡೆಯ ಕಡೆ ನೋಡಲಿಲ್ಲ.

“ನನ್ನ ಮಗನ್ನ ವಾಪಸ್ ತರೋಕೆ ನನ್ನ ಕೈಲಾಗಲ್ಲ, ನಿಮ್ಮ ಕೈಲೂ ಆಗಲ್ಲ. ಕಾರ್ಡು ತಿದ್ದೋದು ನಿಮ್ಮ ಕೈಲಾಗತ್ತೆ. ಬರೆದಿದ್ದೂ ನೀವೇ.”

ಅವರು ಪೆನ್ನು ತೆಗೆದರು. ಅದು ಸೋರುವ ಪೆನ್ನು, ಬೆರಳಿಗೆಲ್ಲ ಶಾಯಿಯಾಯಿತು. ಹಳೆಯ ಸಾಲಿನ ಮೇಲೆ ಅಡ್ಡಗೆರೆ ಎಳೆದು ಕೆಳಗೆ ಬರೆದರು, ಸಹಿ ಹಾಕಿದರು, ಕಾರ್ಡನ್ನು ನನ್ನ ಕಡೆ ತಿರುಗಿಸಿದರು.

“ನೀವೇ ಓದಿ” ಅಂದೆ.

“ತಾಯಿ ಮೂರು ಸಲ ಮಗುವನ್ನು ಕರೆತಂದಿದ್ದರು. ಲಸಿಕೆ ಕೊಡಲಿಲ್ಲ.” ಅವರು ನನಗಷ್ಟೇ ಕೇಳುವಂತೆ ಓದಿದರು.

ಬೆಂಚಿನವರು ನನ್ನ ತಲೆವಸ್ತ್ರ ನೋಡುತ್ತಿದ್ದರು, ಗೋಡೆಯ ಹಾಳೆ ನೋಡುತ್ತಿದ್ದರು. ಒಬ್ಬಾಕೆ ಆಗಲೇ ಮಗುವನ್ನು ಆಚೆ ತೊಡೆಗೆ ಸರಿಸಿಕೊಂಡಿದ್ದಳು.

“ಇನ್ನೊಂದ್ಸಲ ಓದಿ ಸಿಸ್ಟರ್” ಅಂದೆ. “ಜೋರಾಗಿ. ಇವರಿಗೂ ಕೇಳಿಸ್ಲಿ.”

ಪೆನ್ನು ಸಿಸ್ಟರ್ ಎದ್ದು ನಿಂತು, ಜೋರಾಗಿ ಓದಿದರು.